ಲಾಭ, ರಡ್ಡ್, ಮೂಜಿ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಮೀನಿನ ಟೆಂಪೋದಲ್ಲಿ. ಅಮ್ಮನ ತಮ್ಮ, ನಮ್ಮ ಮಾಮ, ಗಲ್ಫಿನಲ್ಲಿ ಒಂದು ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ. ಆಫೀಸಿನವರು ಹಳತಾಯಿತೆಂದು ಮೂಲೆಗೆ ಸರಿಸಿದ್ದ ಒಂದನ್ನು ಅವರಿಂದ ಕೇಳಿ ಪಡೆದು, ಕಂಬಳಿ, ಹಾಲಿನ ಪುಡಿಯ ಡಬ್ಬ, ಪರಿಮಳದ ಸೋಪುಗಳ ನಡುವೆ ಹುದುಗಿಸಿ ಊರಿಗೆ ತಂದಿದ್ದ. ಪಡುಬಿದ್ರಿಯಿಂದ ಎರ್ಮಾಳಿನ ನಮ್ಮ ಮನೆಗೆ ಬರಲು ಅವನಿಗೆ ಸಿಕ್ಕಿದ್ದು ಬಂಗುಡೆ ಇಳಿಸಿ ವಾಪಸಾಗುತ್ತಿದ್ದ ಒಂದು ಟೆಂಪೋ. ಹಾಗಾಗಿ ಆ ಯಂತ್ರಕ್ಕೆ ತಿಂಗಳುಗಟ್ಟಲೆ ಬಂಗುಡೆಯ ವಾಸನೆ ಇತ್ತು. ಮಾಮ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದ್ದೇ ಒರೆಸಿದ್ದು. ಅಮ್ಮ ಮಾತ್ರ ನಕ್ಕಳು.

"ವಾಸನೆ ಹಿಡಿಯಲಿ ಬಿಡು ಮಾರಾಯ. ಈ ಮನೆಗೆ ಬಂದ ಮೇಲೆ ನಮ್ಮ ಹಾಗೆಯೇ ಆಗಬೇಕಲ್ಲ?"

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಅಮ್ಮನ ಮಾತಿನ ಖಾರ ಅರ್ಧ ಕಡಿಮೆಯಾಗಿದೆ ಎಂದೇ ತಿಳಿಯಿರಿ. ನಮ್ಮ ಕೇರಿಯಲ್ಲಿ ಕಂಪ್ಯೂಟರ್ ಇದ್ದ ಮೊದಲ ಮನೆ ನಮ್ಮದು. ಇದನ್ನು ನಾನು ಇಂದಿಗೂ ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ನನಗೆ ಜಂಬ ಸ್ವಲ್ಪ ಜಾಸ್ತಿ. ಸ್ವಲ್ಪವಲ್ಲ ಎಂದು ನನ್ನ ತಮ್ಮ ಯತೀಶ ಹೇಳುತ್ತಾನೆ.

ನಮ್ಮ ಮನೆ ಎಂದರೆ ಅಮ್ಮನ ಮನೆ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಅಜ್ಜಿಯಿಂದ ಅಮ್ಮನಿಗೆ ಬಂದ ಹೆಂಚಿನ ಕೆಳಗೆ ನಾನು ಮದುವೆಯಾದ ಮೇಲೂ ಉಳಿದಿದ್ದೇನೆ, ನನ್ನ ಗಂಡನೇ ಇಲ್ಲಿಗೆ ಬಂದದ್ದು. ಮುಂದೆ ಚಾವಡಿ, ಅದರ ಪಕ್ಕದಲ್ಲಿ ದೈವದ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಕಡೆಯುವ ಕಲ್ಲಿನ ಜಗಲಿ, ಜಗಲಿ ಇಳಿದು ಐವತ್ತು ಹೆಜ್ಜೆ ನಡೆದರೆ ಸಮುದ್ರ. ಕಂಪ್ಯೂಟರನ್ನು ಎಲ್ಲಿಡುವುದೆಂದು ಮಾಮನಿಗೂ ಅಮ್ಮನಿಗೂ ಜಗಳವೇ ಆಯಿತು. ಒಳಕೋಣೆಯಲ್ಲಿಟ್ಟು ಬೀಗ ಹಾಕಬೇಕೆಂದು ಮಾಮ, ಬೀಗ ಹಾಕುವುದಾದರೆ ಗಲ್ಫಿನಲ್ಲೇ ಇಡಬಹುದಿತ್ತಲ್ಲ ಎಂದು ಅಮ್ಮ. ಕೊನೆಗೆ ಗೆದ್ದದ್ದು ಅಮ್ಮನೂ ಅಲ್ಲ, ಪ್ಲಗ್ಗು. ಮೂರು ತೂತಿನ ಪ್ಲಗ್ಗು ಇದ್ದದ್ದು ಚಾವಡಿಯಲ್ಲಿ ಮಾತ್ರ. ಅಮ್ಮನ ಒಂದು ಹಳೆ ಸೀರೆಯನ್ನು ಎರಡು ಮಾಡಿ ಅದಕ್ಕೆ ಮುಸುಕು ಹೊಲಿದರು. ಆಯುಧಪೂಜೆಗೆ ಅಪ್ಪನ ಬಲೆ ಹೆಣೆಯುವ ಸೂಜಿ, ಅಮ್ಮನ ಕತ್ತಿ ಮತ್ತು ಮೀನಿನ ಬುಟ್ಟಿ, ಅವುಗಳ ಸಾಲಿನಲ್ಲಿ ಈ ಕಂಪ್ಯೂಟರಿಗೂ ಕುಂಕುಮ ಬಿತ್ತು. ಎಂಟರ ಕೀಲಿಯ ಸಂದಿಗೆ ಕುಂಕುಮ ಇಳಿದು ಅದು ಮತ್ತೆಂದೂ ಸರಿಯಾಗಿ ಮೇಲೆ ಬರಲಿಲ್ಲ.

ಅಪ್ಪ ಮಲ್ಪೆಯ ಬೋಟಿನಲ್ಲಿದ್ದ. ಸಮುದ್ರಕ್ಕೆ ಹೋದರೆ ಹತ್ತು ದಿನ ಮನೆಗಿಲ್ಲ. ಮನೆ ನಡೆಸುತ್ತಿದ್ದದ್ದು ಅಮ್ಮನ ಬುಟ್ಟಿ. ಬೆಳಕು ಹರಿಯುವಾಗ ದೋಣಿಗಳು ಬಂದು ನಿಲ್ಲುವ ಕಡಪುರದ ಮರಳಿಗೆ ಹೋಗಿ ಮೀನು ಕೊಂಡು, ಬಸ್ಸಿನ ಹಿಂದಿನ ಮೆಟ್ಟಿಲಲ್ಲಿ ನಿಂತು ಕಾಪುವಿಗೆ ಹೋಗಿ, ಅಲ್ಲಿ ಬುಟ್ಟಿಯನ್ನು ತಲೆಗೇರಿಸಿ ಮನೆಮನೆ ಸುತ್ತುತ್ತಿದ್ದಳು. ಗುಲಾಬಿ ಎಂದು ಅವಳ ಹೆಸರು. ಗುಲಾಬಿಯಕ್ಕ ತಂದರೆ ಮೀನಿನ ಕಿವಿರು ಎತ್ತಿ ನೋಡಬೇಕಿಲ್ಲ ಎಂದು ಕಾಪುವಿನಲ್ಲಿ ಈಗಲೂ ಹೇಳುವವರಿದ್ದಾರೆ. ಮಧ್ಯಾಹ್ನ ಎರಡಕ್ಕೆ ವಾಪಸು, ಬಾವಿಕಟ್ಟೆಯಲ್ಲಿ ಸ್ನಾನ, ಆಮೇಲೆ ಊಟ. ಕುಚ್ಚಲಕ್ಕಿ ಅನ್ನಕ್ಕೆ ಅಂದು ಯಾರೂ ಕೊಳ್ಳದೆ ಉಳಿದ ಮೀನಿನ ಸಾರು. ಎಲ್ಲ ಖರ್ಚಾದ ದಿನ ಒಣಮೀನಿನ ಚಟ್ನಿ. ವ್ಯಾಪಾರ ಚೆನ್ನಾದ ದಿನ ನಮಗೆ ಊಟ ಸಪ್ಪೆ, ವ್ಯಾಪಾರ ಕೆಟ್ಟ ದಿನ ಹಬ್ಬ. ಈ ತಲೆಕೆಳಗಾದ ಲೆಕ್ಕ ನನಗೂ ಯತೀಶನಿಗೂ ಬಹಳ ಇಷ್ಟವಾಗಿತ್ತು.

ಊಟ ಮುಗಿದ ಮೇಲೆ ಆಟ. ಶಾಲೆಯಿಲ್ಲದ ದಿನ ಮೂರು ಗಂಟೆಯಿಂದ, ಶಾಲೆಯಿದ್ದರೆ ಬಂದ ಕೂಡಲೆ, ಪಕ್ಕದ ತೋಟದ ಪಂಪು ಶುರುವಾಗಿ ವೋಲ್ಟೇಜ್ ಇಳಿದು ಪರದೆ ಕುಗ್ಗುವ ತನಕ. ಮಾಮ ತಂದ ಫ್ಲಾಪಿಗಳಲ್ಲಿ ಒಂದರಲ್ಲಿ ಮಾತ್ರ ಆಟ ಇತ್ತು. ಮಕ್ಕಳಿಗೆ ಲೆಕ್ಕ ಕಲಿಸುವ ಆಟ ಎಂದು ಅದನ್ನು ಕೊಟ್ಟವರು ಮಾಮನಿಗೆ ಹೇಳಿದ್ದರಂತೆ. ಹೆಸರು ನಮಗೆ ಓದಲು ಬರುತ್ತಿರಲಿಲ್ಲ. ಒಂದು ಬಂದರು, ಅದರ ದಕ್ಕೆಯ ಕಟ್ಟೆಗೆ ಬಂದು ನಿಲ್ಲುವ ಒಂದು ದೋಣಿ. ದೋಣಿಯಿಂದ ಮೀನುಗಳು ಒಂದೊಂದಾಗಿ ಪೆಟ್ಟಿಗೆಗೆ ಬೀಳುತ್ತವೆ, ಎಷ್ಟು ಬಿತ್ತೆಂದು ನಾವು ಒತ್ತಬೇಕು. ಸರಿಯಾದರೆ ಪೆಟ್ಟಿಗೆ ಮುಚ್ಚಿ ಲಾರಿಗೆ ಹೋಗುತ್ತದೆ. ತಪ್ಪಿದರೆ ಎಲ್ಲಿಂದಲೋ ಒಂದು ಬೆಕ್ಕು ಬಂದು ಒಂದು ಮೀನನ್ನು ಕಚ್ಚಿಕೊಂಡು ಹೋಗುತ್ತದೆ. ಮುಂದಿನ ಹಂತದಲ್ಲಿ ಮೀನನ್ನು ಬಟ್ಟಲುಗಳಿಗೆ ಸಮನಾಗಿ ಪಾಲು ಮಾಡಬೇಕು. ಪಾಲಾಗದೆ ಉಳಿದದ್ದು ಬೆಕ್ಕಿನ ಪಾಲು. ಇಡೀ ಆಟದಲ್ಲಿ ಒಂದು ಹೆಂಗಸಿನ ದನಿ ನಮ್ಮೊಡನೆ ಎಣಿಸುತ್ತಿತ್ತು, ತಪ್ಪಿದರೆ ಗದರುತ್ತಿತ್ತು, ಗೆದ್ದರೆ ನಾಲಿಗೆಯಲ್ಲಿ ಟೊಕ್ ಎಂದು ಸದ್ದು ಮಾಡುತ್ತಿತ್ತು. ಇದೆಲ್ಲ ನನಗೆ ನಿನ್ನೆ ನಡೆದಂತೆ ನೆನಪಿತ್ತು.

ನಾನು ಗಣಿತದ ಟೀಚರಾದೆ. ಕಾಪುವಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾ ತಲೆಗೂದಲು ನೆರೆಯುತ್ತಿದೆ. ಭಾಗಾಕಾರದಲ್ಲಿ ಉಳಿಯುವುದನ್ನು ನನ್ನ ಕ್ಲಾಸಿನ ಮಕ್ಕಳು ಶೇಷ ಎನ್ನುವುದಿಲ್ಲ, ಬೆಕ್ಕಿನ ಪಾಲು ಎನ್ನುತ್ತಾರೆ. ಮೊದಮೊದಲು ಬೇರೆ ಟೀಚರುಗಳು ನಕ್ಕರು, ಈಗ ಅವರೂ ಹಾಗೆಯೇ ಕಲಿಸುತ್ತಾರೆ. ಗಣಿತದಲ್ಲಿ ನನ್ನ ಶಾಲೆಯ ಮಕ್ಕಳು ಫೇಲಾಗುವುದು ನಿಂತು ಕೆಲವು ವರ್ಷಗಳಾದ ಮೇಲೆ ಉಡುಪಿಯ ಒಂದು ಸಂಘದವರು ನನಗೆ ಸನ್ಮಾನ ಮಾಡಿದರು. ಶಾಲು, ಹಣ್ಣಿನ ಬುಟ್ಟಿ, ಕೂರಲು ಸಿಂಹಾಸನದಂಥ ಕುರ್ಚಿ. ಅಮ್ಮ ಎರಡನೇ ಸಾಲಿನಲ್ಲಿ ಕೂತಿದ್ದಳು. ಮೈಕು ಕೈಗೆ ಬಂದಾಗ ನಾನು ಸುಮ್ಮನಿರುವವಳೇ? ಎರ್ಮಾಳಿನ ಕಂಪ್ಯೂಟರಿನ ಕಥೆ ಹೇಳಿದೆ, ಮೀನಿನ ಟೆಂಪೋ ಹೇಳಿದೆ, ಜನ ನಕ್ಕರು. ಆ ಹುರುಪಿನಲ್ಲಿ ಹೇಳಿಬಿಟ್ಟೆ: ನನಗೆ ಲೆಕ್ಕ ಕಲಿಸಿದ್ದು ಯಾವ ಮನುಷ್ಯರೂ ಅಲ್ಲ, ಆ ಆಟ. ಮರುದಿನ ಪೇಪರಿನಲ್ಲಿ ನನ್ನ ಫೋಟೋದ ಮೇಲೆ ದಪ್ಪಕ್ಷರದಲ್ಲಿ ಬಂತು: 'ಕಂಪ್ಯೂಟರ್ ಆಟವೇ ನನ್ನ ಗುರು'. ಅಮ್ಮ ಅದನ್ನು ಕತ್ತರಿಸಿ, ತಾನೇ ಪಡುಬಿದ್ರಿಗೆ ಹೋಗಿ ಕಟ್ಟು ಹಾಕಿಸಿ ಚಾವಡಿಯ ಗೋಡೆಗೆ ತೂಗಿಸಿದಳು.

ಸಭೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಹಣ್ಣಿನ ಬುಟ್ಟಿ ಅವಳ ಮಡಿಲಲ್ಲಿತ್ತು. ಉದ್ಯಾವರದ ಸೇತುವೆ ದಾಟಿದ ಮೇಲೆ ಕೇಳಿದಳು.

"ಆ ಆಟದ ಹೆಸರು ಎಂತ ಮಗಾ?"

"ಗೊತ್ತಿಲ್ಲ ಅಮ್ಮ."

"ಗುರುವಿನ ಹೆಸರೇ ಗೊತ್ತಿಲ್ವಾ? ಹುಡುಕು. ಗುರುವನ್ನು ಹಾಗೆ ಬಿಡಬಾರದು."

ನಾನು ಅದನ್ನು ತಮಾಷೆ ಎಂದುಕೊಂಡೆ. ಆದರೂ ಹುಡುಕಲು ಹೊರಟೆ, ಯಾಕೆಂದರೆ ನಾನು ಹಾಗೆ ಹೊರಟರೆ ಬಿಡುವವಳಲ್ಲ. ಮೊದಲು ಅಟ್ಟ ಹತ್ತಿದೆ. ಕಂಪ್ಯೂಟರ್ ಇನ್ನೂ ಅಲ್ಲೇ, ಅಮ್ಮನ ಸೀರೆಯ ಮುಸುಕಿನೊಳಗೆ ಉಪ್ಪುಗಾಳಿಗೆ ತುಕ್ಕು ಹಿಡಿದು ಕೂತಿತ್ತು. ಫ್ಲಾಪಿಗಳ ಮೇಲೆ ಬಿಳಿ ಬೂಷ್ಟು. ಉಡುಪಿಯ ಬಸ್‌ಸ್ಟ್ಯಾಂಡಿನ ಹಿಂದೆ ಹಳೆ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಕೆಮ್ಮಣ್ಣು ಊರಿನವರೊಬ್ಬರಿದ್ದಾರೆ ಎಂದು ಕೇಳಿ, ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ ರಿಕ್ಷಾದಲ್ಲಿ ಹೊತ್ತೊಯ್ದೆ. ಅವರು ಬಿಚ್ಚಿ ನೋಡಿದರು, ಫ್ಲಾಪಿಯನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

"ಟೀಚರೇ, ಇದು ಹೋಯಿತು. ದೇವರು ಬಂದರೂ ಆಗುವುದಿಲ್ಲ."

"ಆಟದಲ್ಲಿ ಒಬ್ಬ ಹೆಂಗಸಿನ ದನಿ ಇತ್ತು. ಅದಾದರೂ ಸಿಗುತ್ತದಾ ಅಂತ."

"ದನಿಯಾ?" ಅವರು ಡಬ್ಬದೊಳಗೆ ಬೆರಳು ತೋರಿಸಿದರು. "ಇದರಲ್ಲಿ ಮಾತಾಡುವ ಕಾರ್ಡೇ ಇಲ್ಲವಲ್ಲ. ಇದಕ್ಕೆ ಕುಂಯ್ ಅನ್ನಲಿಕ್ಕೆ ಮಾತ್ರ ಗೊತ್ತುಂಟು."

ಆ ಮನುಷ್ಯನಿಗೆ ಕೆಲಸ ಬರುವುದಿಲ್ಲ ಎಂದು ತೀರ್ಮಾನಿಸಿ ಗೋಣಿ ಕಟ್ಟಿಕೊಂಡು ಬಂದೆ. ಯತೀಶನಿಗೆ ಫೋನು ಮಾಡಿದೆ. ಅವನು ಉದ್ಯಾವರದಲ್ಲಿ ಬಲೆ, ಹಗ್ಗಗಳ ಅಂಗಡಿ ಇಟ್ಟಿದ್ದಾನೆ. ನನ್ನ ಸ್ಟೂಲಿನ ಅರ್ಧದಲ್ಲಿ ಕೂತು ನನ್ನ ಜೊತೆ ಆಡಿದವನು ಅವನೊಬ್ಬನೇ, ಸಾಕ್ಷಿ ಬೇಕಾದರೆ ಅವನೇ ಹೇಳಬೇಕು.

"ಮಾತೇ ಇರಲಿಲ್ಲ ಅಕ್ಕ ಅದರಲ್ಲಿ."

"ಇತ್ತು. ಎಣಿಸುತ್ತಿತ್ತು. ತುಳುವಿನಲ್ಲಿ."

"ಗಲ್ಫಿನಿಂದ ಬಂದ ಆಟ ತುಳುವಿನಲ್ಲಿ ಎಣಿಸುತ್ತದಾ ಮಾರಾಯ್ತಿ? ಮಾಮ ಎಂತ ದೈವವನ್ನು ಒಳಗೆ ಕೂರಿಸಿ ತಂದಿದ್ದನಾ?"

ಅವತ್ತು ಫೋನು ಕುಕ್ಕಿದ್ದು ನಿಜ. ಆದರೆ ಅವನ ಮಾತಿನಲ್ಲಿ ನ್ಯಾಯ ಇತ್ತು ಎಂದು ನನಗೂ ಗೊತ್ತು, ಲೆಕ್ಕದ ಟೀಚರಲ್ಲವೇ ನಾನು. ತುಳುವಿನಲ್ಲಿ ಆಟ ಮಾಡಿದವರು ಯಾರು? ಯಾರಾದರೂ ಮಾಡಿದ್ದರೆ ಅದೊಂದು ದೊಡ್ಡ ಸುದ್ದಿ, ಅದನ್ನು ಪತ್ತೆ ಹಚ್ಚಿದ ಕೀರ್ತಿ ನನಗೆ. ಹೀಗೆ ಸೋಲನ್ನೂ ಗೆಲುವಾಗಿ ತಿರುಗಿಸಿಕೊಂಡು, ಮರೆತುಹೋದ ಆಟಗಳನ್ನು ಹುಡುಕಿಕೊಡುವ ಒಂದು ಇಂಟರ್‌ನೆಟ್ ಗುಂಪಿಗೆ ಸೇರಿದೆ. ಲೋಕದಲ್ಲಿ ಎಷ್ಟು ಜನ ನಡುವಯಸ್ಸಿನವರು ಬಾಲ್ಯದ ಆಟ ಹುಡುಕುತ್ತಾ ಕೂತಿದ್ದಾರೆಂದು ಆಗ ಗೊತ್ತಾಯಿತು. ನಾನೂ ಬರೆದೆ. ಬಂದರು, ದೋಣಿ, ಪೆಟ್ಟಿಗೆ, ಬೆಕ್ಕು, ಹೆಂಗಸಿನ ದನಿ. ಬೆಕ್ಕಿರುವ ಆಟಗಳನ್ನು ಒಬ್ಬೊಬ್ಬರಾಗಿ ಕಳಿಸಿದರು. ಬೂಟು ಹಾಕಿದ ಬೆಕ್ಕು, ವಿಮಾನ ಓಡಿಸುವ ಬೆಕ್ಕು, ನೋಡಿ ನೋಡಿ ಬೆಕ್ಕಿನ ಮೇಲೆಯೇ ಬೇಸರ ಬಂತು. ಯಾವುದೂ ನಮ್ಮದಲ್ಲ. ಆ ದನಿ ಹೇಗೆ ಎಣಿಸುತ್ತಿತ್ತು, ಇದ್ದದ್ದನ್ನು ಇದ್ದ ಹಾಗೆಯೇ ಬರೆಯಿರಿ ಎಂದು ಒಬ್ಬರು ಕೇಳಿದರು. ಬರೆದೆ: ಲಾಭ, ರಡ್ಡ್, ಮೂಜಿ, ನಾಲ್, ಐನ್.

ಮರುದಿನ ಬೆಳಿಗ್ಗೆ ಆ ನೂರಾರು ಇಂಗ್ಲಿಷ್ ಉತ್ತರಗಳ ನಡುವೆ ಒಂದು ಕನ್ನಡದ್ದು ಇತ್ತು. ಬರೆದವರು ಕಾರ್ಕಳದವರಂತೆ, ಯಾವುದೋ ದೂರದ ಊರಿನಲ್ಲಿರುವವರು.

"ಅಕ್ಕಾ, ನೀವು ಎಣಿಸಿದ್ದು ಓದಿ ಬಹಳ ನಗು ಬಂತು, ಆಮೇಲೆ ಅಳುವೂ ಬಂತು. ಕಂಪ್ಯೂಟರ್ ಯಾವತ್ತಾದರೂ ಒಂದಕ್ಕೆ ಲಾಭ ಅನ್ನುತ್ತದಾ? ನಮ್ಮ ಅಜ್ಜಿ ಭತ್ತ ಅಳೆಯುವಾಗ ಹಾಗೆ ಹೇಳುತ್ತಿದ್ದರು. ನಿಮ್ಮ ಮನೆಯಲ್ಲಿ ಅಕ್ಕಿ ಅಳೆಯುತ್ತಿದ್ದವರು ಯಾರು?"

ನಾನು ಮೊಬೈಲನ್ನು ಮಗುಚಿ ಹಾಕಿ ಅಡುಗೆಮನೆಗೆ ಹೋದೆ. ಅಕ್ಕಿಯ ಡಬ್ಬದ ಮೇಲೆ ತೆಂಗಿನ ಚಿಪ್ಪಿನ ಕುಡ್ತೆ ಮಗುಚಿ ಇತ್ತು, ನಾನು ಹುಟ್ಟುವ ಮೊದಲಿಂದ ಅದು ಅಲ್ಲೇ ಇದೆ. ಆ ಕುಡ್ತೆಯಲ್ಲಿ ದಿನಾ ಸಂಜೆ ಮೂರು ಅಳತೆ ಅಕ್ಕಿ. ಮೊದಲನೆಯದನ್ನು ಒಂದು ಎನ್ನಬಾರದು, ಒಂದೇ ಎಂದರೆ ಅಲ್ಲಿಗೇ ನಿಂತೀತು, ಲಾಭ ಎನ್ನಬೇಕು ಎಂದು ಅಜ್ಜಿ ಅಮ್ಮನಿಗೆ ಹೇಳಿಕೊಟ್ಟಿದ್ದಳು. ಅಮ್ಮ ಅಕ್ಕಿಗೆ ಮಾತ್ರವಲ್ಲ, ಎಲ್ಲದಕ್ಕೂ ಅದನ್ನೇ ಹೇಳಿದಳು. ಬಂಗುಡೆ ಎಣಿಸಿ ಗಿರಾಕಿಯ ಬಟ್ಟಲಿಗೆ ಹಾಕುವಾಗ, ಒಣಗಿದ ಬಟ್ಟೆ ಮಡಚುವಾಗ, ನನ್ನ ತಲೆಯ ಹೇನು ಕುಕ್ಕುವಾಗ ಕೂಡ: ಲಾಭ, ರಡ್ಡ್, ಮೂಜಿ. ಹೇನಿನಲ್ಲಿ ಯಾವ ಲಾಭವೋ ನನಗೆ ಇನ್ನೂ ಗೊತ್ತಾಗಿಲ್ಲ.

ಇನ್ನು ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕಂಪ್ಯೂಟರ್ ಬರುವುದಕ್ಕೆ ಮೊದಲು, ನಾನು ಒಂದನೇ ಕ್ಲಾಸಿಗೆ ಸೇರಿದ ವಾರ, ಟೀಚರು ಮೇಜಿನ ಮೇಲೆ ಸೀಮೆಸುಣ್ಣಗಳನ್ನು ಸಾಲಾಗಿಟ್ಟು ಎಣಿಸಲು ಯಾರಿಗೆ ಬರುತ್ತದೆ ಎಂದು ಕೇಳಿದರು. ಮೊದಲು ಕೈ ಎತ್ತಿದ್ದು ನಾನು, ಆಗಲೂ ಜಂಬ ಇತ್ತು. ಎಣಿಸಿದೆ. ಲಾಭ, ಎರಡು, ಮೂರು, ನಾಲ್ಕು. ಲಾಭ ಎಂದರೇ ಒಂದು ಎಂದು ತಿಳಿದಿದ್ದೆ, ಎರಡರ ನಂತರ ಮೂರು ಬಂದಂತೆ ಎರಡರ ಮೊದಲು ಲಾಭ. ಟೀಚರು ನಕ್ಕರು.

"ಒಂದು ಎಲ್ಲಿ ಹೋಯಿತು? ಬುಟ್ಟಿಯಲ್ಲಿಟ್ಟು ಮಾರಿ ಬಂದೆಯಾ?"

ಇಡೀ ಕ್ಲಾಸು ನಕ್ಕಿತು. ಆ ವರ್ಷವೆಲ್ಲ ನನ್ನ ಹೆಸರು ಲಾಭ. ಅವತ್ತು ಸಂಜೆ ಮನೆಗೆ ಬಂದು ಚೀಲ ಬಿಸಾಡಿದೆ. ಅಮ್ಮ ಅಕ್ಕಿ ಅಳೆಯಲು ಕುಡ್ತೆ ಎತ್ತಿ ಲಾಭ ಎಂದದ್ದೇ ತಡ, ಅಳುತ್ತಾ ಕಿರುಚಿದೆ. ನಿನಗೆ ಸರಿಯಾಗಿ ಎಣಿಸಲಿಕ್ಕೆ ಬರುವುದಿಲ್ಲ, ನೀನು ಶಾಲೆಗೆ ಹೋಗಲಿಲ್ಲ, ಇನ್ನು ನನ್ನ ಎದುರು ಎಣಿಸಬೇಡ. ಅಮ್ಮ ಬೈಯಲಿಲ್ಲ, ಹೊಡೆಯಲೂ ಇಲ್ಲ. ಉಳಿದ ಎರಡು ಕುಡ್ತೆಯನ್ನು ಬಾಯಿ ಮುಚ್ಚಿಕೊಂಡು ಅಳೆದಳು. ಆಮೇಲೆ ನನ್ನ ಎದುರು ಅವಳು ಎಣಿಸಿದ್ದನ್ನು ನಾನು ಕೇಳಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಇದನ್ನು ನಾನು ಮರೆತಿದ್ದೆ ಎಂದರೆ ಸುಳ್ಳು, ನೆನಪಿಸಿಕೊಳ್ಳುತ್ತಿರಲಿಲ್ಲ ಅಷ್ಟೇ. ಆ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ನನಗೆ ನನ್ನ ಮೇಲೆಯೇ ಬಹಳ ನಾಚಿಕೆಯಾಯಿತು.

ಅಮ್ಮ ಜಗಲಿಯಲ್ಲಿ ಕೂತು ಒಣಮೀನಿಗೆ ಕಾಗೆ ಬಾರದಂತೆ ಕೋಲು ಹಿಡಿದು ಕಾಯುತ್ತಿದ್ದಳು. ಈಗ ವ್ಯಾಪಾರ ಬಿಟ್ಟಿದ್ದಾಳೆ, ಕಾಗೆಯ ಜೊತೆಗಿನ ಯುದ್ಧ ಬಿಟ್ಟಿಲ್ಲ. ಪಕ್ಕದಲ್ಲಿ ಕೂತು ಕೇಳಿದೆ.

"ಅಮ್ಮ, ನಾವು ಕಂಪ್ಯೂಟರ್ ಆಡುವಾಗ ಎಣಿಸುತ್ತಿದ್ದದ್ದು ನೀನಾ?"

"ಮತ್ತೆ ಯಾರು? ಗೆರಸೆ ಹಿಡಿದು ಅಕ್ಕಿ ಆರಿಸುತ್ತಾ ನಿಮ್ಮ ಬೆನ್ನ ಹಿಂದೆಯೇ ಕೂರುತ್ತಿದ್ದೆನಲ್ಲ. ಯತೀಶನಿಗೆ ಐದರ ಮೇಲೆ ತಪ್ಪುತ್ತಿತ್ತು. ಬೆಕ್ಕು ಮೀನು ಕಚ್ಚಿಕೊಂಡು ಹೋಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು."

"ನಾನು ಎಣಿಸಬೇಡ ಅಂದಿದ್ದೆ."

ಅಮ್ಮ ಕೋಲಿನಿಂದ ಒಂದು ಕಾಗೆಯನ್ನು ಎಬ್ಬಿಸಿದಳು.

"ಎದುರು ಎಣಿಸಬೇಡ ಅಂದದ್ದು ನೀನು. ಹಿಂದಿನಿಂದ ಎಣಿಸಬಾರದು ಅಂತ ಹೇಳಲಿಲ್ಲವಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು, ಎರಡರಲ್ಲಿ ಯಾವುದು ಮೊದಲು ಬಂತೋ ತಿಳಿಯದು. ಅಂದು ಆ ದನಿ ನನ್ನ ಕಿವಿಗೆ ಬಿದ್ದಿರಲೇಬೇಕು. ಅಮ್ಮನ ಬಾಯಿಂದ ಬಂದಾಗ ನಗೆಪಾಟಲಾದ ಮಾತನ್ನು ಕಂಪ್ಯೂಟರಿನ ಮಾತೆಂದು ಒಪ್ಪಿಕೊಂಡರೆ ನನಗೆ ಮಾನಭಂಗವಿರಲಿಲ್ಲ. ಹಾಗಾಗಿ ಅದನ್ನು ಯಂತ್ರದ ಬಾಯಿಗೆ ಹಾಕಿ, ಮೂವತ್ತು ವರ್ಷ ಅಲ್ಲೇ ಇಟ್ಟುಕೊಂಡು, ಕೊನೆಗೆ ಉಡುಪಿಯ ಸಭೆಯಲ್ಲಿ ಅವಳನ್ನು ಎರಡನೇ ಸಾಲಿನಲ್ಲಿ ಕೂರಿಸಿ ಮೈಕಿನಲ್ಲಿ ಹೇಳಿದೆ. ಯಾವ ಮನುಷ್ಯರೂ ಅಲ್ಲ ಎಂದೂ ಸೇರಿಸಿದೆ.

"ನೀನು ಅವತ್ತು ಬಸ್ಸಿನಲ್ಲೇ ಹೇಳಬಹುದಿತ್ತಲ್ಲ ಅಮ್ಮ."

"ಎಂತ ಹೇಳುವುದು? ಶಾಲು ಹೊದ್ದು ಕೂತಿದ್ದಿ. ಲೆಕ್ಕ ನಿನಗೆ ಬಂದದ್ದು ಮುಖ್ಯ, ಯಾರ ಬುಟ್ಟಿಯಿಂದ ಬಂತು ಅಂತ ಯಾರು ಕೇಳುತ್ತಾರೆ?"

"ಹಾಗಾದರೆ ಗುರುವನ್ನು ಹುಡುಕು ಅಂದದ್ದು ಯಾಕೆ?"

ಕಾಗೆ ಬಂತೆಂದು ಎದ್ದು ಹೋದಳು. ಕಾಗೆ ಬಂದಿರಲಿಲ್ಲ.

ಆಟ ಸಿಕ್ಕಿದ್ದು ಅದಾಗಿ ಕೆಲವು ವಾರಗಳ ಮೇಲೆ. ದನಿ ಇರಲಿಲ್ಲ, ಅದು ನನ್ನ ತಾಯಿ ಎಂದು ಗುಂಪಿನಲ್ಲಿ ತಿದ್ದಿ ಬರೆದಿದ್ದೆ. ವರ್ಷದ ಅರ್ಧ ಹಿಮ ಬೀಳುವ ಯಾವುದೋ ದೇಶದ ಹೆಂಗಸೊಬ್ಬರು ಕೇಳಿದರು: ನೀವು ಬೆಕ್ಕು ಎನ್ನುತ್ತೀರಲ್ಲ, ಅದಕ್ಕೆ ಕಾಲಿತ್ತೇ? ನಾನು ಯತೀಶನಿಗೆ ಫೋನು ಮಾಡಿದೆ. ಕಾಲಿರಲಿಲ್ಲ ಅಕ್ಕ, ಬಾಲವೂ ಮೀನಿನ ಹಾಗೆ ಇತ್ತು, ಎಂಥ ಬೆಕ್ಕು ಇದು ಅಂತ ನಾನು ಆಗಲೇ ಕೇಳಿದ್ದೆ, ಅಮ್ಮನೇ ಪುಚ್ಚೆ ಅಂದದ್ದು ಎಂದ. ಪುಚ್ಚೆ ಎಂದರೆ ತುಳುವಿನಲ್ಲಿ ಬೆಕ್ಕು. ಕಾಲಿಲ್ಲ ಎಂದು ಬರೆದ ಮರುಕ್ಷಣವೇ ಆ ಹೆಂಗಸು ಒಂದು ಚಿತ್ರ ಕಳಿಸಿದರು. ಬಂದರು, ದೋಣಿ, ಪೆಟ್ಟಿಗೆ, ಪಕ್ಕದಲ್ಲಿ ಮೀಸೆ ಹೊತ್ತ ನುಣುಪು ತಲೆಯ ಒಂದು ಪ್ರಾಣಿ. ಅದು ಸೀಲ್ ಎಂಬ ಕಡಲಪ್ರಾಣಿಯಂತೆ. ಸಮುದ್ರದ ಅಂಗಳದಲ್ಲಿ ಬದುಕಿದರೂ ಅಮ್ಮ ಅದನ್ನು ನೋಡಿದವಳಲ್ಲ. ಮೀಸೆ ಉಂಟು, ಮೀನು ಕದಿಯುತ್ತದೆ, ಮತ್ತೆ ಪುಚ್ಚೆಯಲ್ಲದೆ ಇನ್ನೇನು ಎಂದು ಹೆಸರಿಟ್ಟಿದ್ದಳು. ಆಟದ ಹೆಸರಿಗೆ ಅವರ ಭಾಷೆಯಲ್ಲಿ 'ದಕ್ಕೆಯ ಕೆಲಸ' ಎಂದು ಅರ್ಥವಂತೆ. ತಾನು ಸಣ್ಣವಳಿರುವಾಗ ಶಾಲೆಯಲ್ಲಿ ಆಡಿದ್ದು, ಬಹಳ ಬೇಸರದ ಆಟ, ಯಾರಿಗೂ ಇಷ್ಟವಿರಲಿಲ್ಲ ಎಂದೂ ಬರೆದರು. ಅದನ್ನು ಓದಿ ನನಗೆ ಆದ ಹೆಮ್ಮೆ ಸನ್ಮಾನದ ಕುರ್ಚಿಯಲ್ಲೂ ಆಗಿರಲಿಲ್ಲ. ಅವರಿಗೆ ಬೇಸರದ ಆಟ, ಯಾಕೆಂದರೆ ಅವರ ಬೆನ್ನ ಹಿಂದೆ ಗುಲಾಬಿ ಕೂತಿರಲಿಲ್ಲ.

ಭಾನುವಾರ ಮಧ್ಯಾಹ್ನ ಯತೀಶ ಲ್ಯಾಪ್‌ಟಾಪಿನಲ್ಲಿ ಆ ಹೆಂಗಸು ಕಳಿಸಿದ ಆಟ ಹಾಕಿಕೊಂಡು ಎರ್ಮಾಳಿಗೆ ಬಂದ. ಊಟಕ್ಕೆ ಅಮ್ಮ ಬಂಗುಡೆಯ ಪುಳಿಮುಂಚಿ ಮಾಡಿದ್ದಳು. ಆಟದಲ್ಲಿ ಮಾತಿರಲಿಲ್ಲ ಎಂಬ ವಾದದಲ್ಲಿ ತಾನು ಗೆದ್ದದ್ದನ್ನು ಊಟ ಮಾಡುತ್ತಲೇ ಅವನು ಮೂರು ಸಲ ಹೇಳಿದ. ಹೇಳಲಿ ಎಂದು ಬಿಟ್ಟೆ. ಕೈ ತೊಳೆದು ಚಾವಡಿಗೆ ಬಂದವಳೇ ಗೋಡೆಯ ಮೇಲಿನ ಆ ಕಟ್ಟು ಹಾಕಿದ ಪೇಪರನ್ನು ತೆಗೆಯಲು ಸ್ಟೂಲು ಎಳೆದೆ. ಅಮ್ಮ ಬಂದು ಸ್ಟೂಲು ಹಿಡಿದಳು.

"ಇಳಿ, ಇಳಿ. ಫೋಟೋದಲ್ಲಿ ಚಂದ ಬಂದಿದ್ದಿ, ಇರಲಿ."

"ಅದರಲ್ಲಿ ಬರೆದದ್ದು ಸುಳ್ಳು ಅಮ್ಮ."

"ಸುಳ್ಳಾದರೆ ಬೇರೆ ಬರೆ. ನಿನಗೆ ಬರೆಯಲಿಕ್ಕೆ ಬರುತ್ತದಲ್ಲ."

ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಲೆಕ್ಕ ಕಲಿಸಿದವಳು ಎರ್ಮಾಳಿನ ಗುಲಾಬಿ, ಬುಟ್ಟಿ ಹೊತ್ತು ಕಾಪುವಿನ ಮನೆಮನೆಗೆ ಮೀನು ಮಾರಿದವಳು, ಶಾಲೆಯ ಮೆಟ್ಟಿಲು ಹತ್ತದವಳು. ನನ್ನ ಮಕ್ಕಳು ಬೆಕ್ಕಿನ ಪಾಲು ಎಂದು ಕಲಿಯುವುದು ಅವಳ ಮಾತು. ಆಟದಲ್ಲಿ ಉಳಿದ ಮೀನು ಸುಮ್ಮನೆ ನೀರಿಗೆ ಹೋಗುತ್ತದೆ, ಪುಚ್ಚೆಗೆ ಪಾಲು ಕೊಟ್ಟವಳು ಅಮ್ಮ. ಮುಂದಿನ ಸನ್ಮಾನಕ್ಕೆ ಯಾರಾದರೂ ಕರೆದರೆ ಮೊದಲು ಅವಳಿಗೆ ಕುರ್ಚಿ ಹಾಕಲಿ, ಇಲ್ಲವಾದರೆ ನಾನು ಹೋಗುವುದಿಲ್ಲ. ಇದನ್ನೂ ಜಂಬ ಎನ್ನುವವರು ಅನ್ನಲಿ.

ಯತೀಶ ಲ್ಯಾಪ್‌ಟಾಪನ್ನು ಹಳೆಯ ಪ್ಲಗ್ಗಿನ ಕೆಳಗೇ ಇಟ್ಟ. ಅಮ್ಮ ರೂಢಿಯಂತೆ ಗೆರಸೆ ಹಿಡಿದು ಹಿಂದಿನ ಗೋಡೆಗೆ ಒರಗಿ ನೆಲದಲ್ಲಿ ಕೂರಲು ಹೊರಟಿದ್ದಳು. ಗೆರಸೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳನ್ನು ಸ್ಟೂಲಿನ ಮೇಲೆ, ಪರದೆಯ ಎದುರು ಕೂರಿಸಿದೆ. ಅವಳ ಜಾಗದಲ್ಲಿ ನೆಲಕ್ಕೆ ನಾನು ಕೂತೆ. ನನ್ನ ಮೊಣಕಾಲು ಕಟಕ್ ಎಂದದ್ದು ಕೇಳಿ ಯತೀಶ ನಕ್ಕ. ಅಲ್ಲಿಂದ ಪರದೆ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂದರೆ, ಮೀನು ಎಣಿಸಬೇಕಾದರೆ ಕತ್ತನ್ನು ಮುಂದೆ ಚಾಚಿಯೇ ಇರಬೇಕು. ಎಷ್ಟೋ ಸಂಜೆ ಅಮ್ಮ ಹಾಗೆ ಕತ್ತು ಚಾಚಿ ಕೂತಿದ್ದಳು, ತಲೆಯಲ್ಲಿ ಅರ್ಧ ದಿನ ಬುಟ್ಟಿ ಹೊತ್ತು ಬಂದ ಕತ್ತು.

ದೋಣಿ ಬಂದು ದಕ್ಕೆಗೆ ನಿಂತಿತು. ಕುಂಯ್ ಎಂದು ಒಂದು ಸಣ್ಣ ಸದ್ದು, ಕೆಮ್ಮಣ್ಣಿನವರು ಹೇಳಿದ್ದು ಸರಿಯೇ. ಮೊದಲ ಮೀನು ಪೆಟ್ಟಿಗೆಗೆ ಬಿತ್ತು. ಅಮ್ಮನ ತುಟಿ ಆಡುತ್ತಿರಬೇಕು, ಹಿಂದಿನಿಂದ ನನಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ಬರಲಿಲ್ಲ. ಎಣಿಸಬೇಡ ಎಂದವಳು ಇಲ್ಲೇ ಕೂತಿದ್ದಳಲ್ಲ. ಇನ್ನೊಂದು ಮೀನು ದೋಣಿಯ ಅಂಚಿಗೆ ಬಂದು ನಿಂತಿತ್ತು. ನಾನು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನಿಂದ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಲಾಭ!"

ಅಮ್ಮ ತಿರುಗಿ ನೋಡಲಿಲ್ಲ. ನಾಲಿಗೆಯಲ್ಲಿ ಟೊಕ್ ಎಂದಳು. ಎರಡನೇ ಮೀನು ಬಿತ್ತು.

"ರಡ್ಡ್," ಎಂದಳು.